ಪೇಪರ್‌ಲೆಸ್‌ನಲ್ಲಿ ಕನ್ನಡ ಕಡತವಿದೆ, ಹುಡುಕಿದರೆ ಸಿಗುತ್ತಿಲ್ಲ: ದೋಷ ನಿವಾರಣೆ ಕೈಪಿಡಿ

ನಾನು ಕಂಪ್ಯೂಟರ್ ನಿರ್ವಹಣೆ ನೋಡಿಕೊಳ್ಳುವ ಒಂದು ಪತ್ತಿನ ಸಹಕಾರ ಸಂಘದಲ್ಲಿ ಹಳೆಯ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡಿ, ಕಾಗದಪತ್ರಗಳನ್ನು ಜೋಡಿಸಿಟ್ಟು ಹುಡುಕಲು ನೆರವಾಗುವ ಪೇಪರ್‌ಲೆಸ್-ಎನ್‌ಜಿಎಕ್ಸ್ ಎಂಬ ಮುಕ್ತ ತಂತ್ರಾಂಶಕ್ಕೆ ಸೇರಿಸಿದ ಕೆಲವೇ ದಿನಗಳಲ್ಲಿ ಅಲ್ಲಿನ ಗುಮಾಸ್ತರು ಫೋನ್ ಮಾಡಿದರು. "ಸರ್, ಸಾಲ ಅಂತ ಹೊಡೆದರೆ ಒಂದು ಕಡತವೂ ಬರ್ತಿಲ್ಲ. ಠೇವಣಿ ಅಂತ ಹೊಡೆದರೆ ಚುನಾವಣೆ ಕಾಗದಗಳು ಬರ್ತಿವೆ" ಎಂದರು. ಸಾಲ ಕೊಡುವುದನ್ನೇ ಕಸುಬಾಗಿಸಿಕೊಂಡ ಸಂಘದ ದಾಖಲೆಗಳಲ್ಲಿ ಸಾಲ ಎಂಬ ಪದ ಇಲ್ಲದಿರಲು ಸಾಧ್ಯವಿಲ್ಲ. ಕಾರಣ ಹುಡುಕುತ್ತ ಹೋದಾಗ ಒಂದಲ್ಲ, ಬೇರೆಬೇರೆ ಹಂತಗಳಲ್ಲಿ ಕುಳಿತಿದ್ದ ಮೂರು ದೋಷಗಳು ಸಿಕ್ಕವು. ಮೂರೂ ಹೊರಗೆ ತೋರಿಸುವ ಲಕ್ಷಣ ಮಾತ್ರ ಒಂದೇ: ಕಡತ ಕಣ್ಣೆದುರಿಗಿದೆ, ಹುಡುಕಿದರೆ ಸಿಗುವುದಿಲ್ಲ. ಕನ್ನಡ ದಾಖಲೆಗಳನ್ನು ಈ ತಂತ್ರಾಂಶದಲ್ಲಿ ಇಡುತ್ತಿರುವ ಎಲ್ಲರಿಗೂ ಇವುಗಳಲ್ಲಿ ಒಂದಲ್ಲ ಒಂದು ಎದುರಾಗುವ ಸಂಭವ ಹೆಚ್ಚಾಗಿರುವುದರಿಂದ, ಪತ್ತೆ ಹಚ್ಚುವ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಹಳೆಯ ಪೇಪರ್‌ಲೆಸ್, ಅದರಿಂದ ಕವಲೊಡೆದ ಪೇಪರ್‌ಲೆಸ್-ಎನ್‌ಜಿ, ಅದರ ಮುಂದುವರಿಕೆಯಾಗಿ 2022ರಲ್ಲಿ ಸಮುದಾಯ ಕೈಗೆತ್ತಿಕೊಂಡ ಪೇಪರ್‌ಲೆಸ್-ಎನ್‌ಜಿಎಕ್ಸ್, ಹೀಗೆ ಇದು ಬೆಳೆದು ಬಂದಿದೆ. ಒಳಗಿನ ಕೆಲಸ ಪೈಥಾನ್ ಭಾಷೆಯ ಜ್ಯಾಂಗೋದಲ್ಲಿ, ಬ್ರೌಸರ್‌ನಲ್ಲಿ ಕಾಣುವ ಭಾಗ ಆ್ಯಂಗುಲರ್‌ನಲ್ಲಿ ಇದೆ. ಅಪ್‌ಲೋಡ್ ಆದ ಕಡತ ಮೊದಲು ಓಸಿಆರ್‌ಮೈಪಿಡಿಎಫ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಕೈಗೆ ಹೋಗುತ್ತದೆ. ಅದು ಟೆಸರಾಕ್ಟ್ ಎಂಬ ತಂತ್ರಾಂಶ ಬಳಸಿ ಪುಟದ ಚಿತ್ರದಲ್ಲಿರುವ ಅಕ್ಷರಗಳನ್ನು ಓದಿಸುತ್ತದೆ; ಈ ಓದಿಗೇ ಓಸಿಆರ್ ಎನ್ನುವುದು. ಓದಿದ ಪಠ್ಯ ಡೇಟಾಬೇಸಿಗೆ ಸೇರುತ್ತದೆ. ಕೊನೆಗೆ ಅದೇ ಪಠ್ಯವನ್ನು ವೂಶ್ ಎಂಬ ಹುಡುಕಾಟದ ಲೈಬ್ರರಿ ಪದಗಳಾಗಿ ಒಡೆದು ಸೂಚಿ ಮಾಡಿಡುತ್ತದೆ. ಓದುವಲ್ಲಿ, ಪಠ್ಯ ಉಳಿಸುವಲ್ಲಿ, ಒಡೆಯುವಲ್ಲಿ, ಎಲ್ಲಿ ಬೇಕಾದರೂ ಕನ್ನಡ ಮುಗ್ಗರಿಸಬಹುದು. ಕೆಳಗೆ ಹೇಳುವುದೆಲ್ಲ ಪೇಪರ್‌ಲೆಸ್-ಎನ್‌ಜಿಎಕ್ಸ್‌ನ, ವೂಶ್ ಬಳಸುವ ಎರಡನೆಯ ಸರಣಿಯ ಆವೃತ್ತಿಗಳನ್ನು ಕುರಿತದ್ದು.

ಕಡತವೇ ಒಳಗೆ ಬಂದಿಲ್ಲವಾದರೆ ಅದು ಬೇರೆಯ ದೋಷ. ಪೇಪರ್‌ಲೆಸ್‌ನ ಮುಂದೆ ಎನ್‌ಜಿನ್ಎಕ್ಸ್ ಎಂಬ ವೆಬ್ ಸರ್ವರ್ ಇಟ್ಟಿದ್ದರೆ ಅದರ ಮೂಲ ಅಪ್‌ಲೋಡ್ ಮಿತಿ 1 ಎಂಬಿ ಆಗಿರುವುದರಿಂದ ದೊಡ್ಡ ಪಿಡಿಎಫ್‌ಗಳು 413 ಎಂಬ ದೋಷದೊಂದಿಗೆ ಹಿಂದಿರುಗುತ್ತವೆ. ಸ್ಕ್ಯಾನರ್ ನೆಟ್‌ವರ್ಕ್ ಫೋಲ್ಡರಿಗೆ ಹಾಕಿದ ಕಡತವನ್ನು ಪೇಪರ್‌ಲೆಸ್ ಗಮನಿಸದಿದ್ದರೆ ಫೋಲ್ಡರನ್ನು ಆಗಾಗ ತಾನೇ ಹೋಗಿ ನೋಡುವಂತೆ ಮಾಡುವ ಕನ್ಸ್ಯೂಮರ್ ಪೋಲಿಂಗ್ ಎಂಬ ಸೆಟ್ಟಿಂಗ್ ಹಾಕಬೇಕು. ಇವೆರಡನ್ನು ಮೊದಲೇ ನೋಡಿಕೊಂಡು ಮುಂದುವರಿಯಿರಿ.

ಮೊದಲ ಕೆಲಸ: ಕಂಟೆಂಟ್ ಟ್ಯಾಬ್ ತೆರೆಯಿರಿ

ಹುಡುಕಾಟದಲ್ಲಿ ಸಿಗದ ಕಡತವನ್ನು ಪಟ್ಟಿಯಿಂದ ಕೈಯಾರೆ ಹುಡುಕಿ ತೆರೆದಾಗ, ಎಡಬದಿಯಲ್ಲಿ ವಿವರಗಳ ಪಕ್ಕದಲ್ಲಿ ಕಂಟೆಂಟ್ ಎಂಬ ಟ್ಯಾಬ್ ಇರುತ್ತದೆ. ಬಲಬದಿಯಲ್ಲಿ ಕಾಣುವ ಪುಟದ ಚಿತ್ರ ನಮ್ಮ ಕಣ್ಣಿಗೆ ಎಷ್ಟೇ ಸ್ಪಷ್ಟವಾಗಿದ್ದರೂ ಯಂತ್ರದ ಪಾಲಿಗೆ ಆ ಕಡತವೆಂದರೆ ಈ ಟ್ಯಾಬಿನಲ್ಲಿರುವ ಪಠ್ಯ ಮಾತ್ರ. ಹೀಗಿದ್ದರೂ ಬಹಳ ಮಂದಿ ಇದನ್ನು ನೋಡುವ ಮೊದಲೇ ಇಡೀ ಕಡತಗಳನ್ನು ಮತ್ತೆ ಸ್ಕ್ಯಾನ್ ಮಾಡಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಕ್ಯಾನ್ 300 ಡಿಪಿಐ ಇದ್ದು ಪುಟ ನೇರವಾಗಿದ್ದರೆ ದೋಷ ಸ್ಕ್ಯಾನರಿನದಲ್ಲ ಎಂದೇ ತಿಳಿದು ಮುಂದುವರಿಯಬಹುದು.

ಆ ಟ್ಯಾಬಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಿದ್ದರೆ ಒಂದು ದಾರಿ, ಕನ್ನಡ ಅಕ್ಷರಗಳೇ ಇದ್ದು ಒತ್ತುಗಳೂ ಸ್ವರಚಿಹ್ನೆಗಳೂ ಚದುರಿಹೋಗಿದ್ದರೆ ಇನ್ನೊಂದು, ಶುದ್ಧವಾದ ಕನ್ನಡವೇ ಇದ್ದೂ ಹುಡುಕಾಟದಲ್ಲಿ ಸಿಗದಿದ್ದರೆ ಮೂರನೆಯ ದಾರಿ ಹಿಡಿಯಬೇಕು.

ಇಂಗ್ಲಿಷ್ ಅಕ್ಷರಗಳು ಕಂಡರೆ

ಇದಕ್ಕೆ ಎರಡು ಕಾರಣಗಳಿವೆ, ಬೇರ್ಪಡಿಸುವುದು ಸುಲಭ. ಪುಟದಲ್ಲಿ ಮತ್ತೆಮತ್ತೆ ಬರುವ ಒಂದು ಪದವನ್ನು, ಉದಾಹರಣೆಗೆ ಸಂಘದ ಹೆಸರನ್ನು, ಆರಿಸಿಕೊಳ್ಳಿ. ಅದು ಪ್ರತಿ ಸಲವೂ ಬೇರೆಬೇರೆ ಇಂಗ್ಲಿಷ್ ಅಕ್ಷರಗಳಾಗಿ ಬಂದಿದ್ದರೆ, ಟೆಸರಾಕ್ಟ್ ಕನ್ನಡ ಪುಟವನ್ನು ಇಂಗ್ಲಿಷ್ ಎಂದು ಭಾವಿಸಿ ಊಹಿಸುತ್ತ ಓದಿದೆ ಎಂದರ್ಥ. ಪ್ರತಿ ಸಲವೂ ಕಾಗುಣಿತ ತಪ್ಪದೆ ಒಂದೇ ವಿಚಿತ್ರ ಅಕ್ಷರಮಾಲೆಯಾಗಿ, ಅದರಲ್ಲೂ ತಲೆಯ ಮೇಲೆ ಗೆರೆ ಚುಕ್ಕೆಗಳಿರುವ ಯುರೋಪಿನ ಅಕ್ಷರಗಳಾಗಿ ಬಂದಿದ್ದರೆ, ಅದು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿದ ಕಡತ.

ಮೊದಲನೆಯದರ ಪರಿಹಾರ ಚಿಕ್ಕದು. ಪೇಪರ್‌ಲೆಸ್ ಓಡುವ ಡಾಕರ್ ಕಂಟೇನರಿನೊಳಗೆ (ತಂತ್ರಾಂಶವನ್ನು ಬೇಕಾದದ್ದೆಲ್ಲದರ ಜೊತೆ ಕಟ್ಟಿಟ್ಟ ಪೊಟ್ಟಣ) ಕನ್ನಡದ ಓಸಿಆರ್ ಭಾಷೆ ಮೊದಲಿಗೆ ಇರುವುದಿಲ್ಲ, ಸೇರಿಸಬೇಕು. ಇದಕ್ಕೆ ಎರಡು ಸೆಟ್ಟಿಂಗ್‌ಗಳಿದ್ದು ಹೆಸರಿನಲ್ಲಿರುವ ವ್ಯತ್ಯಾಸ ಒಂದೇ ಅಕ್ಷರದ್ದು. ಓಸಿಆರ್ ಲ್ಯಾಂಗ್ವೇಜಸ್ ಎಂಬ ಬಹುವಚನದ ಸೆಟ್ಟಿಂಗ್ ಭಾಷೆಯನ್ನು ಇನ್‌ಸ್ಟಾಲ್ ಮಾಡುತ್ತದೆ, ಓಸಿಆರ್ ಲ್ಯಾಂಗ್ವೇಜ್ ಎಂಬ ಏಕವಚನದ ಸೆಟ್ಟಿಂಗ್ ಆ ಭಾಷೆಯಲ್ಲಿ ಓದು ಎಂದು ಹೇಳುತ್ತದೆ. ಟೆಸರಾಕ್ಟ್‌ನಲ್ಲಿ ಕನ್ನಡದ ಸಂಕೇತ ಕೆ-ಎ-ಎನ್ ಎಂಬ ಮೂರು ಅಕ್ಷರಗಳು. ಬಹುವಚನದಲ್ಲಿ ಅದನ್ನು ಬರೆದು ಏಕವಚನವನ್ನು ಹಾಗೇ ಬಿಟ್ಟರೆ ಕನ್ನಡ ಇನ್‌ಸ್ಟಾಲ್ ಆಗುತ್ತದೆ, ಆದರೆ ಓದುವುದು ಇಂಗ್ಲಿಷಿನಲ್ಲೇ. ಯಾವ ದೋಷಸಂದೇಶವೂ ಬರುವುದಿಲ್ಲ. ಏಕವಚನದಲ್ಲಿ ಮಾತ್ರ ಬರೆದರೆ ಆ ಭಾಷೆ ಇನ್‌ಸ್ಟಾಲ್ ಆಗಿಲ್ಲವೆಂದು ಲಾಗ್‌ನಲ್ಲಿ ಸ್ಪಷ್ಟವಾಗಿ ಬರುತ್ತದೆ. ನಮ್ಮ ಕಚೇರಿಗಳ ಕಾಗದಗಳಲ್ಲಿ ಎರಡೂ ಭಾಷೆ ಬೆರೆತಿರುವುದರಿಂದ ಏಕವಚನದ ಸೆಟ್ಟಿಂಗಿನಲ್ಲಿ ಕನ್ನಡವನ್ನು ಮುಂದಿಟ್ಟು, ಕೂಡಿಸುವ ಚಿಹ್ನೆ ಹಾಕಿ, ಇಂಗ್ಲಿಷಿನ ಇ-ಎನ್-ಜಿ ಸಂಕೇತ ಸೇರಿಸುವುದು ಒಳ್ಳೆಯದು. ಭಾಷೆಯ ಇನ್‌ಸ್ಟಾಲ್ ನಡೆಯುವುದು ಕಂಟೇನರ್ ಶುರುವಾಗುವಾಗ, ಇಂಟರ್ನೆಟ್ ಮೂಲಕ; ಆ ಹೊತ್ತಿನಲ್ಲಿ ಸಂಪರ್ಕ ಇರಬೇಕು.

ಇಲ್ಲಿ ನಾನೇ ಅರ್ಧ ದಿನ ಕಳೆದ ಒಂದು ಜಾಗವಿದೆ. ಕಂಟೇನರಿನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಂಪೋಸ್ ಕಡತದಲ್ಲಿ ಎಲ್ಲ ಸರಿಯಾಗಿ ಬರೆದು ಕಂಟೇನರನ್ನು ಮತ್ತೆ ಎಬ್ಬಿಸಿದರೂ ಓದು ಬದಲಾಗಲಿಲ್ಲ. ಬ್ರೌಸರ್‌ನಲ್ಲಿ ನಿರ್ವಾಹಕರಿಗೆ ಕಾಣುವ ಕಾನ್ಫಿಗರೇಶನ್ ಪುಟದಲ್ಲೂ ಇದೇ ಓಸಿಆರ್ ಆಯ್ಕೆಗಳಿವೆ, ಅಲ್ಲಿ ಯಾರಾದರೂ ಒಮ್ಮೆ ಏನಾದರೂ ಬರೆದಿದ್ದರೆ ಕಂಪೋಸ್ ಕಡತದ ಮಾತು ನಡೆಯುವುದಿಲ್ಲ. ಅಲ್ಲಿನ ಭಾಷೆಯ ಖಾನೆಯಲ್ಲಿ ಹಿಂದೆಂದೋ ಪ್ರಯೋಗಕ್ಕೆ ಹಾಕಿದ್ದ ಇಂಗ್ಲಿಷ್ ಹಾಗೇ ಕುಳಿತಿತ್ತು. ಖಾನೆಯನ್ನು ಖಾಲಿ ಮಾಡಿದ ಮೇಲೆ, ಕಡತದ ಆ್ಯಕ್ಷನ್ಸ್ ಮೆನುವಿನಲ್ಲಿರುವ ರೀಪ್ರೊಸೆಸ್ ಒತ್ತಿದಾಗ ಕನ್ನಡ ಬಂತು.

ನುಡಿ ಮತ್ತು ಬರಹದ ಹಳೆಯ ಕಡತಗಳು

ನಮ್ಮ ಕಚೇರಿಗಳ ನಿಜವಾದ ಗೋಳು ಇದು. ಯೂನಿಕೋಡ್ ಬಳಕೆಗೆ ಬರುವ ಮೊದಲು, ಮತ್ತು ಅನೇಕ ಕಡೆ ಅದು ಬಂದ ಮೇಲೂ, ಟೈಪಾದ ಠರಾವು, ನಡವಳಿ, ನೋಟೀಸುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟ್‌ಗಳಲ್ಲಿವೆ. ತೆರೆಯ ಮೇಲೆ ಕನ್ನಡವಾಗಿ ಕಾಣುವ ಈ ಪಿಡಿಎಫ್‌ಗಳ ಒಳಗಿರುವ ಪಠ್ಯ ಇಂಗ್ಲಿಷ್ ಅಕ್ಷರಗಳೇ. ಪೇಪರ್‌ಲೆಸ್‌ನ ಓಸಿಆರ್ ಮೋಡ್ ಮೊದಲಿಗೆ ಸ್ಕಿಪ್ ಎಂದಿರುತ್ತದೆ, ಅಂದರೆ ಪುಟದಲ್ಲಿ ಈಗಾಗಲೇ ಪಠ್ಯವಿದ್ದರೆ ಓದುವ ಗೊಡವೆಗೇ ಹೋಗದೆ ಇರುವ ಪಠ್ಯವನ್ನು ಎತ್ತಿಕೊಳ್ಳುತ್ತದೆ. ಪಠ್ಯ ಇದೆಯಲ್ಲ ಎಂದು ಯಂತ್ರ ತೃಪ್ತಿಪಟ್ಟುಕೊಂಡಿರುವುದರಿಂದ ಇಲ್ಲಿಯೂ ದೋಷಸಂದೇಶ ಬರುವುದಿಲ್ಲ.

ಖಚಿತಪಡಿಸಿಕೊಳ್ಳಲು ಮೂಲ ಪಿಡಿಎಫ್ ಅನ್ನು ಲಿನಕ್ಸ್‌ನ ಓಕ್ಯುಲರ್ ಅಥವಾ ಎವಿನ್ಸ್‌ನಲ್ಲಿ ತೆರೆದು ಗುಣಲಕ್ಷಣಗಳಲ್ಲಿ ಫಾಂಟ್‌ಗಳ ಪಟ್ಟಿ ನೋಡಿ, ಇಲ್ಲವೇ ಪಾಪ್ಲರ್ ಜೊತೆಗೆ ಬರುವ ಪಿಡಿಎಫ್‌ಫಾಂಟ್ಸ್ ಆದೇಶ ಕೊಡಿ. ಫಾಂಟಿನ ಹೆಸರು ನುಡಿ ಎಂದೋ, ಬರಹದ ಬಿ-ಆರ್-ಎಚ್ ಎಂಬ ಮೊದಲಕ್ಷರಗಳಿಂದಲೋ ಶುರುವಾಗಿದ್ದು, ಪುಟದಿಂದ ನಕಲು ಮಾಡಿ ಬೇರೆಡೆ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳೇ ಬಿದ್ದರೆ ಇನ್ನು ಸಂಶಯವಿಲ್ಲ.

ಇಂಥಲ್ಲಿ ಬಹಳ ಜನ ಮೋಡನ್ನು ರೀಡೂ ಎಂದು ಬದಲಾಯಿಸಿ ನೋಡುತ್ತಾರೆ. ಹೆಸರು ಕೇಳಿದರೆ ಅದೇ ಸರಿ ಅನಿಸುತ್ತದೆ, ಆದರೆ ಅದರಿಂದ ಪ್ರಯೋಜನವಿಲ್ಲ. ರೀಡೂ ತೆಗೆದುಹಾಕುವುದು ಹಿಂದಿನ ಓಸಿಆರ್ ಚಿತ್ರದ ಹಿಂದೆ ಅಡಗಿಸಿಟ್ಟ ಕಾಣದ ಪಠ್ಯವನ್ನು ಮಾತ್ರ. ಪುಟದ ಮೇಲೆ ಕಣ್ಣಿಗೆ ಕಾಣುವ ಪಠ್ಯವನ್ನು ಅದು ಮುಟ್ಟುವುದೇ ಇಲ್ಲ, ನುಡಿಯ ಪಠ್ಯವಾದರೋ ಕಣ್ಣಿಗೆ ಕಾಣುವಂಥದ್ದು. ಬೇಕಾದದ್ದು ಫೋರ್ಸ್ ಮೋಡ್. ಅದು ಪುಟವನ್ನು ಚಿತ್ರವಾಗಿಸಿ, ಒಳಗೇನು ಬರೆದಿದೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಆಕಾರ ನೋಡಿ ಓದುತ್ತದೆ. ನುಡಿಯ ಅಚ್ಚುಕಟ್ಟಾದ ಅಕ್ಷರಗಳನ್ನು ಟೆಸರಾಕ್ಟ್ ಸ್ಕ್ಯಾನ್ ಮಾಡಿದ ಹಳೆಯ ಕಾಗದಕ್ಕಿಂತ ಚೆನ್ನಾಗಿಯೇ ಓದುವುದನ್ನು ಕಂಡಿದ್ದೇನೆ.

ಫೋರ್ಸ್ ಮೋಡನ್ನು ಕಾಯಂ ಆಗಿ ಇಟ್ಟುಬಿಡಬಾರದು, ಏಕೆಂದರೆ ಸರಿಯಾದ ಪಠ್ಯವಿರುವ ಇಂಗ್ಲಿಷ್ ಪಿಡಿಎಫ್‌ಗಳೂ ಚಿತ್ರಗಳಾಗಿ, ಗಾತ್ರ ಹಿಗ್ಗಿ, ಇದ್ದ ನಿಖರ ಪಠ್ಯ ಊಹೆಯ ಪಠ್ಯವಾಗಿ ಮಾರ್ಪಡುತ್ತದೆ. ಸಂಜೆ ಯಾರೂ ಹೊಸ ಕಡತ ಹಾಕದ ಹೊತ್ತಿನಲ್ಲಿ ಕಾನ್ಫಿಗರೇಶನ್ ಪುಟದಲ್ಲಿ ಮೋಡ್ ಬದಲಿಸಿ, ಆಯ್ದ ಕಡತಗಳನ್ನು ಗುರುತು ಹಾಕಿ ಒಟ್ಟಿಗೆ ರೀಪ್ರೊಸೆಸ್ ಮಾಡಿಸಿ, ಸರದಿ ಮುಗಿದ ಮೇಲೆ ಮತ್ತೆ ಸ್ಕಿಪ್‌ಗೆ ತರುವುದು ನಾನು ಅನುಸರಿಸುವ ಕ್ರಮ. ಮೂಲ ಕಡತ ಹಾಗೆಯೇ ಉಳಿಯುತ್ತದೆ, ಬದಲಾಗುವುದು ಪೇಪರ್‌ಲೆಸ್ ತಾನೇ ಮಾಡಿಟ್ಟುಕೊಳ್ಳುವ ಸಂಗ್ರಹ ಪ್ರತಿ ಮತ್ತು ಕಂಟೆಂಟ್ ಪಠ್ಯ ಮಾತ್ರ. ಆದರೆ ಕಂಟೆಂಟ್ ಟ್ಯಾಬಿನಲ್ಲಿ ಯಾರಾದರೂ ಕೂತು ಕೈಯಿಂದ ತಿದ್ದಿದ್ದರೆ ಆ ತಿದ್ದುಪಡಿ ಅಳಿಸಿಹೋಗುತ್ತದೆ, ಆದ್ದರಿಂದ ಮೊದಲು ಡಾಕ್ಯುಮೆಂಟ್ ಎಕ್ಸ್‌ಪೋರ್ಟರ್ ಆದೇಶದಿಂದ ಒಂದು ಪೂರ್ತಿ ನಕಲು ತೆಗೆದಿಟ್ಟುಕೊಳ್ಳಲೇಬೇಕು.

ಡಿಜಿಟಲ್ ಸಹಿ ಇರುವ ಪಿಡಿಎಫ್‌ಗಳು ಫೋರ್ಸ್‌ಗೂ ಬಗ್ಗುವುದಿಲ್ಲ. ಸಹಿ ಕೆಡುತ್ತದೆಂದು ಓಸಿಆರ್‌ಮೈಪಿಡಿಎಫ್ ಹಿಂಜರಿಯುತ್ತದೆ, ಲಾಗ್‌ನಲ್ಲಿ ಎಚ್ಚರಿಕೆಯೊಂದು ಬರುತ್ತದೆ, ಇದ್ದ ಪಠ್ಯವೇ ಮುಂದುವರಿಯುತ್ತದೆ. ಅಂಥ ಕಡತವನ್ನು ಬ್ರೌಸರ್‌ನಿಂದಲೇ ಪಿಡಿಎಫ್ ಆಗಿ ಪ್ರಿಂಟ್ ತೆಗೆದು ಎರಡನೆಯ ಪ್ರತಿಯಾಗಿ ಸೇರಿಸಿ, ಸಹಿ ಇರುವ ಮೂಲವನ್ನೂ ಉಳಿಸಿಕೊಳ್ಳುವುದು ಸುರಕ್ಷಿತ.

ನುಡಿಯಲ್ಲಿ ಟೈಪಾದ ವರ್ಡ್ ಕಡತಗಳ ಕಥೆ ಬೇರೆ. ಅವನ್ನು ಪಿಡಿಎಫ್ ಆಗಿಸುವ ಗೋಟೆನ್‌ಬರ್ಗ್ ಕಂಟೇನರಿನೊಳಗೆ ನುಡಿ ಫಾಂಟ್ ಇಲ್ಲದಿರುವುದರಿಂದ ಚಿತ್ರವೇ ಇಂಗ್ಲಿಷ್ ಅಕ್ಷರಗಳಾಗಿ ಬರುತ್ತದೆ, ಆಮೇಲೆ ಯಾವ ಓಸಿಆರ್‌ನಿಂದಲೂ ಕನ್ನಡ ಹೊರಡದು. ಇವನ್ನು ನುಡಿಯ ಪರಿವರ್ತಕದಲ್ಲೋ ಬೇರೊಂದು ಆಸ್ಕಿ-ಯೂನಿಕೋಡ್ ಪರಿವರ್ತಕದಲ್ಲೋ ಮೊದಲು ಯೂನಿಕೋಡಿಗೆ ತಂದು ಆಮೇಲೆ ಅಪ್‌ಲೋಡ್ ಮಾಡಬೇಕು.

ಕನ್ನಡವೇ ಇದ್ದು ಚದುರಿದ್ದರೆ

ಯೂನಿಕೋಡಿನಲ್ಲೇ ಟೈಪಾಗಿ ವರ್ಡ್ ಅಥವಾ ಬ್ರೌಸರ್‌ನಿಂದ ಪಿಡಿಎಫ್ ಆದ ಕಡತಗಳಲ್ಲೂ ಒತ್ತಕ್ಷರ ಮಾಯವಾಗಿ, ಸ್ವರಚಿಹ್ನೆ ಪಕ್ಕದ ಅಕ್ಷರಕ್ಕೆ ಹಾರಿ, ನಡುವೆ ಚುಕ್ಕೆಗಳ ವೃತ್ತಗಳು ಕಾಣಿಸಬಹುದು. ಪಿಡಿಎಫ್ ಉಳಿಸಿಕೊಳ್ಳುವುದು ಅಕ್ಷರಗಳ ಆಕಾರಗಳನ್ನು. ಒಂದು ಒತ್ತಕ್ಷರದ ಆಕಾರ ಯಾವ ಅಕ್ಷರಗಳಿಂದ ಆದದ್ದು ಎಂಬ ನಕ್ಷೆಯನ್ನು ಸರಿಯಾಗಿ ಬರೆದಿಡದ ತಂತ್ರಾಂಶಗಳು ಬೇಕಾದಷ್ಟಿವೆ. ಇದಕ್ಕೂ ಮೇಲೆ ಹೇಳಿದ ಫೋರ್ಸ್ ಮದ್ದೇ ನಡೆಯುತ್ತದೆ.

ಶುದ್ಧ ಕನ್ನಡವಿದ್ದೂ ಸಿಗದಿದ್ದರೆ

ಗುಮಾಸ್ತರು ಹೇಳಿದ ದೂರಿನ ಮೂಲ ಇಲ್ಲಿತ್ತು. ಕಂಟೆಂಟ್ ಟ್ಯಾಬಿನಲ್ಲಿ ಸಾಲ ಎಂಬ ಪದ ಒಂದು ಪುಟದಲ್ಲೇ ಏಳೆಂಟು ಕಡೆ ತಪ್ಪಿಲ್ಲದೆ ಇತ್ತು, ಅಡ್ವಾನ್ಸ್‌ಡ್ ಸರ್ಚ್‌ನಲ್ಲಿ ಮಾತ್ರ ಸೊನ್ನೆ. ಸೂಚಿ ಕೆಟ್ಟಿರಬೇಕೆಂದು ಡಾಕ್ಯುಮೆಂಟ್ ಇಂಡೆಕ್ಸ್ ಆದೇಶದಿಂದ ಎಲ್ಲವನ್ನೂ ಮತ್ತೆ ಸೂಚಿ ಮಾಡಿಸಿದರೂ ಸೊನ್ನೆಯೇ.

ಕಾರಣ ವೂಶ್ ಪದಗಳನ್ನು ಒಡೆಯುವ ಬಗೆಯಲ್ಲಿದೆ. ಅದು ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಇಂಥ ಅಕ್ಷರಸಾಲು ಹುಡುಕು ಎಂದು ಹೇಳುವ ಸೂತ್ರ) ಬಳಸಿ, ಅಕ್ಷರ ಮತ್ತು ಅಂಕಿಗಳ ಸಾಲನ್ನು ಪದವೆಂದು ಗುರುತಿಸುತ್ತದೆ. ಪೈಥಾನ್ ದೃಷ್ಟಿಯಲ್ಲಿ ಕನ್ನಡದ ವ್ಯಂಜನ, ಸ್ವರಗಳು ಅಕ್ಷರಗಳು. ಆದರೆ ದೀರ್ಘ, ಗುಡಿಸು, ಕೊಂಬು, ಏತ್ವ, ಅನುಸ್ವಾರ, ಹಲಂತದ ಚಿಹ್ನೆ ಇವು ಯಾವುವೂ ಅಕ್ಷರಗಳಲ್ಲ. ಪೈಥಾನ್ ತೆರೆದು ದೀರ್ಘದ ಚಿಹ್ನೆಯೊಂದನ್ನೇ ಕೊಟ್ಟು ಇದು ಅಕ್ಷರವೋ ಅಂಕಿಯೋ ಎಂದು ಇಸ್‌ಆಲ್‌ನಮ್ ಎಂಬ ಆದೇಶದ ಮೂಲಕ ಕೇಳಿ ನೋಡಿ, ಫಾಲ್ಸ್ (ಅಲ್ಲ) ಎಂದೇ ಉತ್ತರ ಬರುತ್ತದೆ. ಹಾಗಾಗಿ ಪ್ರತಿ ಚಿಹ್ನೆಯ ಬಳಿಯೂ ಪದ ತುಂಡಾಗುತ್ತದೆ. ಮೇಲಾಗಿ ಎರಡು ಅಕ್ಷರಕ್ಕಿಂತ ಚಿಕ್ಕ ತುಂಡುಗಳನ್ನು ವೂಶ್ ಎಸೆದುಬಿಡುತ್ತದೆ. ಇಂಗ್ಲಿಷಿನಲ್ಲಿ ಒಂಟಿ ಅಕ್ಷರಗಳನ್ನು ಎಸೆದರೆ ನಷ್ಟವಿಲ್ಲ, ನಮಗೆ ಹಾಗಲ್ಲ.

ಸಾಲ ಎಂಬುದು ದೀರ್ಘದ ಬಳಿ ಮುರಿದು ಸ ಮತ್ತು ಲ ಆಗುತ್ತದೆ, ಎರಡೂ ಒಂಟಿ, ಎರಡೂ ಕಸಕ್ಕೆ. ಸಂಘ, ಖಾತೆ, ತೆರಿಗೆ, ಗ್ರಾಮ ಇವಕ್ಕೂ ಇದೇ ಗತಿ. ಠೇವಣಿಯಲ್ಲಿ ಠ ಬಿದ್ದುಹೋಗಿ ವಣ ಎಂಬ ತುಂಡು ಉಳಿಯುತ್ತದೆ. ಚುನಾವಣೆಯಲ್ಲಿ ಚ ಮತ್ತು ನ ಬಿದ್ದುಹೋಗಿ ಉಳಿಯುವುದೂ ವಣ. ಠೇವಣಿ ಹುಡುಕಿದಾಗ ಚುನಾವಣೆಯ ಕಾಗದಗಳು ಸಾಲುಗಟ್ಟಿದ್ದು ಇದರಿಂದಲೇ. ರಸೀದಿ ಹುಡುಕಿದರೆ ರಸ್ತೆ ದುರಸ್ತಿಯ ಪತ್ರ ಬರುವುದೂ ಎರಡರಲ್ಲೂ ರಸ ಉಳಿಯುವುದರಿಂದ. ಇದಕ್ಕೆ ಪ್ರತಿಯಾಗಿ ಪಹಣಿ, ನಡವಳಿ ಇಂಥ ಪದಗಳಲ್ಲಿ ಕೊನೆಯ ಗುಡಿಸು ಬಿಟ್ಟು ಬೇರೆ ಚಿಹ್ನೆಯಿಲ್ಲವಾದ್ದರಿಂದ ಅವು ಹೆಚ್ಚುಕಡಿಮೆ ಪೂರ್ತಿ ಉಳಿದು ಸರಿಯಾಗಿ ಸಿಗುತ್ತವೆ. ಪರೀಕ್ಷೆಗೆ ಇಂಥ ಒಂದು ಪದವನ್ನೇ ಹಾಕಿ ನೋಡಿ ಹುಡುಕಾಟ ಸರಿಯಿದೆ ಎಂದು ನಂಬಿಕೊಳ್ಳುವ ಅಪಾಯವಿರುವುದರಿಂದ, ಪಹಣಿ ಸಿಕ್ಕಿ ಸಾಲ ಸಿಗದಿದ್ದರೆ ದೋಷ ಇದೇ ಎಂದು ತೀರ್ಮಾನಿಸಬಹುದು. ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೂ ಉಪಯೋಗವಿಲ್ಲ, ಏಕೆಂದರೆ ಆಗ ಪದವನ್ನು ತುಂಡು ಮಾಡದೆ ಇಡಿಯಾಗಿ ಹುಡುಕಲಾಗುತ್ತದೆ, ಪಠ್ಯದ ಸೂಚಿಯಲ್ಲಿ ಇಡೀ ಪದ ಇಲ್ಲವೇ ಇಲ್ಲ.

ದಿನನಿತ್ಯದ ಪರಿಹಾರ ತೆರೆಯ ಮೇಲೇ ಇದೆ. ಕಡತಗಳ ಪಟ್ಟಿಯ ಮೇಲಿರುವ ಹುಡುಕು ಪೆಟ್ಟಿಗೆಯ ಪಕ್ಕದ ಆಯ್ಕೆಯನ್ನು ಅಡ್ವಾನ್ಸ್‌ಡ್ ಸರ್ಚ್‌ನಿಂದ ಟೈಟಲ್ ಆ್ಯಂಡ್ ಕಂಟೆಂಟ್‌ಗೆ ಬದಲಿಸಿ. ಅದು ವೂಶ್ ಬಳಿಗೆ ಹೋಗದೆ ಡೇಟಾಬೇಸಿನ ಪಠ್ಯದಲ್ಲೇ ಅಕ್ಷರಸಾಲನ್ನು ಹುಡುಕುತ್ತದೆ. ವಿಭಕ್ತಿ ಪ್ರತ್ಯಯಗಳು ಅಂಟಿಕೊಳ್ಳುವ ನಮ್ಮ ಭಾಷೆಗೆ ಇದು ವಾಸ್ತವವಾಗಿ ಹೆಚ್ಚು ಹೊಂದುತ್ತದೆ: ಸಾಲ ಎಂದು ಕೊಟ್ಟರೆ ಸಾಲದ, ಸಾಲಕ್ಕೆ, ಸಾಲಗಾರ ಎಲ್ಲವೂ ಬರುತ್ತವೆ. 2023-24ನೇ ಸಾಲಿನ ವರದಿಯೂ ಜೊತೆಗೆ ಬರುತ್ತದೆ; ಅದು ಬೇಡವೆಂದರೆ ಸಾಲದ ಅಥವಾ ಸಾಲಗಾರ ಎಂದು ಹೊಡೆಯಬೇಕು. ಎರಡು ಪದ ಕೊಟ್ಟರೆ ಅವು ಅದೇ ಕ್ರಮದಲ್ಲಿ ಒಂದೇ ಜಾಗ ಬಿಟ್ಟು ಇರಲೇಬೇಕು, ಸಾಲಿನ ಕೊನೆಯಲ್ಲಿ ಮುರಿದಿದ್ದರೂ ಸಿಗುವುದಿಲ್ಲ, ಹಾಗಾಗಿ ಒಂದೇ ಪದ ಕೊಡುವುದು ಲೇಸು. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಬಿದ್ದಿರುವುದು, ಸಾಫ್ಟ್‌ವೇರ್‌ನಂಥ ಪದದ ನಡುವಿನ ಕಾಣದ ವಿಭಜಕ ತಪ್ಪಿಹೋಗಿರುವುದು, ಇವು ಇಲ್ಲೂ ಕೈಕೊಡಬಹುದು. ಆಗ ಪದದ ಅಂಥ ಭಾಗ ಬಿಟ್ಟು ಉಳಿದ ತುಂಡನ್ನು ಹೊಡೆಯಿರಿ.

ಪೇಪರ್‌ಲೆಸ್‌ನ ಮೂಲದಲ್ಲಿ ಪದ ಒಡೆಯುವ ಸೂತ್ರವನ್ನೇ ಬದಲಿಸಿ, ಕನ್ನಡದ ಚಿಹ್ನೆಗಳನ್ನೂ ಪದದ ಭಾಗವೆಂದು ಹೇಳಿ, ಮತ್ತೆ ಸೂಚಿ ಮಾಡಿಸಲು ಸಾಧ್ಯವಿದೆ. ಮನೆಯ ಸರ್ವರಿನಲ್ಲಿ ನಾನು ಹಾಗೆ ಮಾಡಿ ನೋಡಿದ್ದೇನೆ, ಕೆಲಸ ಮಾಡುತ್ತದೆ. ಕಚೇರಿಯಲ್ಲಿ ಮಾಡಲಿಲ್ಲ. ಮುಂದಿನ ಅಪ್‌ಡೇಟಿಗೆ ಆ ತಿದ್ದುಪಡಿ ಅಳಿಸಿಹೋಗುತ್ತದೆ, ಅಂದು ನಾನು ಅಲ್ಲಿರದಿದ್ದರೆ ಗುಮಾಸ್ತರು ಮತ್ತೆ ಚುನಾವಣೆಯ ಕಾಗದ ನೋಡುತ್ತ ಕೂರಬೇಕಾಗುತ್ತದೆ.

ಟ್ಯಾಗ್ ತಾನಾಗಿ ಬೀಳದಿರುವುದಕ್ಕೂ ಇದೇ ಮೂಲ

ಕಡತದಲ್ಲಿ ಒಂದು ಪದವಿದ್ದರೆ ಇಂಥ ಟ್ಯಾಗ್ ಹಚ್ಚು ಎಂದು ನಿಯಮ ಬರೆದಾಗ, ಯಾವುದಾದರೂ ಪದ, ಎಲ್ಲ ಪದಗಳು, ನಿಖರ ಪದ ಎಂಬ ಮೂರೂ ಆಯ್ಕೆಗಳು ಪದದ ಎರಡೂ ಅಂಚುಗಳನ್ನು ಪೈಥಾನ್‌ನ ಅದೇ ವ್ಯಾಖ್ಯೆಯಿಂದ ಪರೀಕ್ಷಿಸುತ್ತವೆ. ನಡವಳಿ ಎಂಬುದು ಗುಡಿಸಿನಲ್ಲಿ ಮುಗಿಯುತ್ತದೆ, ಅದರ ಮುಂದೆ ಖಾಲಿ ಜಾಗವಿದ್ದರೆ ಅಲ್ಲಿ ಅಂಚು ಇದೆ ಎಂದೇ ಪೈಥಾನ್‌ಗೆ ತಿಳಿಯದು, ಆದ್ದರಿಂದ ನಿಯಮ ಕೆಲಸ ಮಾಡುವುದಿಲ್ಲ. ನಡವಳಿಯ ಎಂದಿದ್ದರೆ ಮಾತ್ರ ಗುಡಿಸಿನ ಮುಂದೆ ಅಕ್ಷರ ಬಂದು ಅಂಚು ಸಿಕ್ಕಿ ನಿಯಮ ಹತ್ತುತ್ತದೆ. ಕೆಲವು ಸಭೆಗಳಿಗೆ ಟ್ಯಾಗ್ ಬಿದ್ದು ಕೆಲವಕ್ಕೆ ಬೀಳದಿದ್ದುದರ ಗುಟ್ಟು ಇದು. ಇದಕ್ಕೆ ಪರಿಹಾರ, ಹೊಂದಿಕೆಯ ಬಗೆಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆರಿಸಿ, ಆ ಖಾನೆಯಲ್ಲಿ ಬೇರೇನೂ ಸೇರಿಸದೆ ಕನ್ನಡ ಪದವನ್ನಷ್ಟೇ ಬರೆಯುವುದು. ಆಗ ಅಂಚಿನ ಪರೀಕ್ಷೆ ನಡೆಯುವುದಿಲ್ಲ. ನಿಯಮ ಬದಲಿಸಿದ ಮೇಲೆ ಹಳೆಯ ಕಡತಗಳಿಗೆ ಟ್ಯಾಗ್ ತಾನಾಗಿ ಬರುವುದಿಲ್ಲ, ಡಾಕ್ಯುಮೆಂಟ್ ರೀಟ್ಯಾಗರ್ ಆದೇಶ ಕೊಟ್ಟು ಹಚ್ಚಿಸಬೇಕು.

ಆ ಸಂಘದಲ್ಲಿ ಈಗ ಹುಡುಕು ಪೆಟ್ಟಿಗೆಯನ್ನು ಟೈಟಲ್ ಆ್ಯಂಡ್ ಕಂಟೆಂಟ್‌ಗೆ ಇಟ್ಟ ಒಂದು ನೋಟವನ್ನು ಉಳಿಸಿ ಮೊದಲ ಪುಟದಲ್ಲೇ ಕಾಣುವಂತೆ ಮಾಡಿದ್ದೇನೆ, ನಿಯಮಗಳನ್ನೆಲ್ಲ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ ಬದಲಿಸಿದ್ದೇನೆ, ನುಡಿಯ ಪಿಡಿಎಫ್‌ಗಳಿಗೆ ಬೇರೆಯೇ ಟ್ಯಾಗ್ ಕೊಟ್ಟು ತಿಂಗಳಿಗೊಮ್ಮೆ ಸಂಜೆ ಫೋರ್ಸ್ ಮಾಡಿಸುತ್ತೇನೆ. ವರ್ಡ್ ಕಡತಗಳ ಪರಿವರ್ತನೆ ಇನ್ನೂ ನಡೆಯುತ್ತಿದೆ.